ಲಿಂಬಿ ಹೋಳು, ಸಂತ್ರಾ ಸುರುಳಿ: ಅಡಗಿಮನಿ ಪ್ರಶ್ನೋತ್ತರ

ಹೋದ ತಿಂಗಳ ಇದೇ ಅಂಕಣದಾಗ ಒಂದು ಮಾತು ಬರದಿದ್ದೆ, ವಿಜಯಪುರದಾಗ ಒಂದು ಮದುವಿ ಮನ್ಯಾಗ ಶರಬತ್ತಿನ ಗ್ಲಾಸಿನ ಅಂಚಿಗೆ ಲಿಂಬಿ ಹೋಳು ಸಿಗಿಸಿ ಕೊಟ್ರು, ನೋಡಾಕ ಭಾಳ ಚೆಂದ ಇತ್ತು, ಆದ್ರ ಎಲ್ಲಾರೂ ಅದನ್ನ ಕಿತ್ತು ಟೇಬಲ್ ಮ್ಯಾಲ ಒಗದೇ ಕುಡದ್ರು ಅಂತ. ಅಷ್ಟಕ್ಕ ಇಷ್ಟು ಪತ್ರ, ಇಷ್ಟು ವಾಟ್ಸಾಪ್ ಮೆಸೇಜ್ ಬರ್ತಾವಂತ ನಾ ಅನ್ಕೊಂಡಿದ್ದಿಲ್ಲ. ಅರ್ಧ ಮಂದಿ ಅದನ್ನ ಹೆಂಗ ಮಾಡೋದು ಹೇಳ್ರಿ ಅಂತ, ಇನ್ನರ್ಧ ಮಂದಿ ನಾವು ಮಾಡಿದ್ವಿ ಕೆಟ್ಟೋತು ಯಾಕ ಅಂತ. ಅದಕ್ಕ ಈ ಸಲ ಬ್ಯಾರೆ ಪ್ರಶ್ನಿ ಎಲ್ಲಾ ಬಾಜೂಕ ಇಟ್ಟು ಬರೇ ಲಿಂಬಿ, ಸಂತ್ರಾ, ಮೋಸಂಬಿ ಇಷ್ಟರದ್ದೇ ಮಾತು.

ಜಮಖಂಡಿಯಿಂದ ಒಬ್ಬ ತಂಗಿ: ಅಕ್ಕಾರ, ಮೊಬೈಲ್‌ನ್ಯಾಗ ನೋಡಿ ಲಿಂಬಿ ಸಿಪ್ಪಿದು ಸ್ಪ್ರಿಂಗ್ ತರ ಉದ್ದನ ಸುರುಳಿ ಮಾಡಾಕ ಹೋದ್ನಿ, 10 ಲಿಂಬಿ ಹಾಳಾದ್ವು, ಒಂದೂ ಎರಡು ಇಂಚಿಗಿಂತ ಉದ್ದ ಬರಲಿಲ್ಲ, ಹರದು ಹರದು ಬಂತು. ಚಾಕು ಚೆನ್ನಾಗಿಲ್ಲೋ ನನ್ನ ಕೈ ಚೆನ್ನಾಗಿಲ್ಲೋ?

ನಿನ್ನ ಕೈನೂ ಛಲೋ ಐತಿ ಚಾಕೂನೂ ಛಲೋ ಐತಿ, ಹಣ್ಣು ತಪ್ಪು ಆರಿಸಿ ತಂಗಿ. ನಮ್ಮ ಕಡೆ ಬೆಳಿಯೋ ಲಿಂಬಿಗೆ ಕಾಗ್ಜಿ ಲಿಂಬಿ ಅಂತಾರಲ್ಲ, ಕಾಗದ ಅಂತನ ಅದರ ಅರ್ಥ, ಸಿಪ್ಪಿ ಕಾಗದದಷ್ಟು ತೆಳು. ನಮ್ಮ ವಿಜಯಪುರ ಜಿಲ್ಲಾದ ಇಂಡಿ ಲಿಂಬಿಗೆ ಜಿಐ ಟ್ಯಾಗ್, ಅಂದ್ರ ಇದು ಈ ಊರಿನ ಮಾಲು ಅನ್ನೋ ಸರ್ಕಾರಿ ಗುರುತು, ಸಿಕ್ಕೈತಿ ಅಂತ ನಾವೆಲ್ಲಾ ಎದಿ ಉಬ್ಬಿಸಿ ಹೇಳ್ತೀವಿ, ಆದ್ರ ಅದು ರಸದ ಹಣ್ಣು, ಹಿಂಡಿದ್ರ ಕೈ ತುಂಬ ರಸ ಬರ್ಬೇಕು ಅಂತ ಬೆಳಸೋದು, ಸಿಪ್ಪಿಯಿಂದ ಸರ್ಕಸ್ ಮಾಡಾಕ ಅಲ್ಲ. ಮೊಬೈಲ್‌ನ್ಯಾಗ ತೋರಸ್ತಾರಲ್ಲ ಅದು ಪರದೇಶದ ಹಳದಿ ಲೆಮನ್, ಉದ್ದುದ್ದ ಇರ್ತೈತಿ, ತುದಿ ಚೂಪ, ಸಿಪ್ಪಿ ದಪ್ಪ. ಅದನ್ನ ನೋಡಿ ಇದರ ಮ್ಯಾಲ ಮಾಡಿದ್ರ ಹರೀದೇ ಏನಾಗ್ತೈತಿ?

ಸುರುಳಿಗೆ ಮೋಸಂಬಿ ತಗೋ. ಸಿಪ್ಪಿ ತೊಳಿಗೆ ಬಿಗಿಯಾಗಿ ಅಂಟಿರ್ತೈತಿ, ಆಲೂಗಡ್ಡಿ ಸಿಪ್ಪಿ ತಗಿಯೋ ಪೀಲರ್ ಇರ್ತೈತಲ್ಲ ಅದು ಅದರ ಮ್ಯಾಲ ಜಾರಕೊಂಡು ಹೋಗ್ತೈತಿ. ಚಳಿಗಾಲದಾಗ ಪಂಜಾಬ್ ಕಡೆಯಿಂದ ಕಿನ್ನೋ ಅಂತ ಬರ್ತಾವು, ನುಣ್ಣಗ ಹೊಳಿತಿರ್ತಾವು, ಅವೂ ನಡಿತಾವು. (ಈ ಕಿನ್ನೋ ನಮ್ಮ ದೇಶದ್ದಲ್ಲ ಮತ್ತ, ಕ್ಯಾಲಿಫೋರ್ನಿಯಾದಾಗ ಕಿಂಗ್ ಮತ್ತ ವಿಲೋ ಲೀಫ್ ಅನ್ನೋ ಎರಡು ಜಾತಿ ಕೂಡಿಸಿ ಮಾಡಿದ್ದು, 1935ರಾಗ ಹೊರಗ ಬಂತು, ಹೆಸರೂ ಆ ಎರಡರದ್ದ ಅರ್ಧರ್ಧ.) ನಾಗಪುರ ಸಂತ್ರಾದ್ದು ಬ್ಯಾರೆ ಕತಿ. ಅದರ ಸಿಪ್ಪಿ ಸಡ್ಲ, ಒಳಗ ಗಾಳಿ, ಪೀಲರ್ ಹಚ್ಚಿದ್ರ ಒಳಗ ಹೂತ್ಕೊಂತೈತಿ. ಅದಕ್ಕ ಮೊದಲ ಕೈಲೇ ದೊಡ್ಡ ದೊಡ್ಡ ತುಂಡು ಬರೋಹಂಗ ಸುಲಿ, ಮಣಿ ಮ್ಯಾಲ ಬೆಳ್ಳಗಿನ ಬಾಜು ಮ್ಯಾಲ ಮಾಡಿ ಹರವು, ಚಮಚದ ಅಂಚಿಂದ ಆ ಬಿಳೇದು ಕೆರದು ತಗಿ, ಆಮ್ಯಾಲ ಕತ್ತರಿಲೇ ಅರ್ಧ ಬಟ್ಟಿನಷ್ಟು ಅಗಲ ಪಟ್ಟಿ ಕತ್ತರಸು. ಚಾಕು ಬ್ಯಾಡ, ಕತ್ತರಿ. ರಿಬ್ಬನ್ ಕತ್ತರಿಸಿದಂಗ ಬರ್ತೈತಿ.

ಪಟ್ಟಿ ಬಂದಮ್ಯಾಲ ಚಮಚದ ಹಿಡಿಕಿಗೋ ಪೆನ್ಸಿಲ್‌ಗೋ ಬಿಗಿಯಾಗಿ ಸುತ್ತು, ಬಣ್ಣದ ಬಾಜು ಹೊರಗ ಇರ್ಲಿ, ಅರ್ಧ ನಿಮಿಷ ಹಿಡ್ಕೊ, ಬಿಚ್ಚಿ ಐಸ್ ನೀರಾಗ ಹಾಕು. ಹತ್ತು ನಿಮಿಷದಾಗ ಬಿರುಸಾಗಿ ನಿಂದರ್ತೈತಿ. ಬಿಳೇದು ಪೂರಾ ತಗೀಬ್ಯಾಡ, ಕೂದಲೆಳಿಯಷ್ಟು ಇರ್ಲಿ, ಇಲ್ಲಂದ್ರ ಸುರುಳಿಗೆ ಬೆನ್ನೆಲುಬು ಇರೂದಿಲ್ಲ, ಜೋತು ಬೀಳ್ತೈತಿ. ಜಾಸ್ತಿ ಇದ್ರ ಕಹಿ.

ಈಗ ಮುಖ್ಯ ಮಾತು, ಇದನ್ನ ಯಾರೂ ಹೇಳೂದಿಲ್ಲ. ಸುರುಳಿ ಗ್ಲಾಸಿನ್ಯಾಗ ಬಿಡೂಕಿಂತ ಮೊದಲ ಅದನ್ನ ಗ್ಲಾಸಿನ ಮ್ಯಾಲ ಹಿಡದು ಒಮ್ಮೆ ಮಡಚಿ ಹಿಚುಕು, ಬಣ್ಣದ ಬಾಜು ಶರಬತ್ತಿನ ಕಡೆ ಮಾರಿ ಮಾಡಿರ್ಲಿ. ಸಣ್ಣಾಗಿದ್ದಾಗ ಸಾಲ್ಯಾಗ ಸಂತ್ರಾ ಸಿಪ್ಪಿ ಮಡಚಿ ಬಾಜೂಕ ಕುಂತೋರ ಕಣ್ಣಾಗ ಚಿಮ್ಮಸ್ತಿದ್ವಲ್ಲ, ಅದ ಕೆಲಸ. ಸಿಪ್ಪಿಯೊಳಗ ಸೂಜಿ ಚುಚ್ಚಿದಂಗ ಸಣ್ಣ ಸಣ್ಣ ಚುಕ್ಕಿ ಕಾಣ್ತಾವಲ್ಲ, ಅವೆಲ್ಲಾ ಎಣ್ಣಿ ಚೀಲ. ವಾಸನಿ ಎಲ್ಲಾ ಅಲ್ಲೇ ಇರೋದು, ರಸದಾಗ ಬರೇ ಹುಳಿ. ಹಿಚುಕಿದ ಗ್ಲಾಸ್ ಬೆಳಕಿಗೆ ಹಿಡದು ನೋಡು, ಮ್ಯಾಲ ಎಣ್ಣಿ ಹನಿ ತೇಲ್ತಿರೋದು ಕಾಣ್ತೈತಿ, ಕುಡಿಯೋರ ಮೂಗಿಗೆ ಮೊದಲ ಅದು ಹೋಗ್ತೈತಿ ಆಮ್ಯಾಲ ಬಾಯಿಗೆ ಶರಬತ್ತು. ನಾ ಏನ್ ಹೇಳ್ತೀನಂದ್ರ, ಅಲಂಕಾರ ಕಣ್ಣಿಗಲ್ಲ, ಮೂಗಿಗೆ. ಆ ಮದುವಿ ಮನ್ಯಾಗ ಮಂದಿ ಹೋಳು ಕಿತ್ತು ಒಗದದ್ದು ಯಾಕಂದ್ರ ಅದರಿಂದ ಅವರಿಗೆ ಏನೂ ಸಿಗಲಿಲ್ಲ, ಕುಡಿಯೂಮುಂದ ಮೂಗಿಗೆ ಅಡ್ಡ ಬಂತು ಅಷ್ಟ.

ಒಂದು ಎಚ್ಚರಿಕಿ, ಆ ಎಣ್ಣಿ ಬೆಂಕಿ ಹಿಡಿತೈತಿ, ದೀಪದ ಮುಂದ ಹಿಚುಕಿದ್ರ ಚಟಚಟ ಅಂತ ಕಿಡಿ ಹಾರ್ತಾವು, ಗ್ಯಾಸ್ ಒಲಿ ಬಾಜೂಕ ನಿಂತು ಈ ಕೆಲಸ ಮಾಡಬ್ಯಾಡ. ಮತ್ತ ಹುಡುಗರ ಬರ್ತ್‌ಡೇದಾಗ ಆದ್ರ ಆ ಕೈಲೇ ಬಲೂನ್ ಮುಟ್ಟಬ್ಯಾಡ, ಸಿಪ್ಪಿ ಎಣ್ಣಿ ತಾಗಿದ್ರ ರಬ್ಬರ್ ಬಲೂನ್ ಢಬ್ ಅಂತ ಒಡಿತಾವು. ನಮ್ಮ ಮನ್ಯಾಗ ಒಮ್ಮೆ ಆರು ಬಲೂನ್ ಹೋದಮ್ಯಾಲ ಗೊತ್ತಾತು ಯಾಕಂತ.

ವಿಜಯಪುರದಿಂದ, ಹೆಸರು ಬ್ಯಾಡ ಅಂದೋರು: ಗ್ಲಾಸಿನ ಅಂಚಿಗೆ ಸಿಗಿಸಿದ ಹೋಳು ಬೀಳ್ತೈತ್ರಿ. ಮತ್ತ ಮನಿ ಶಾಂತಿಗೆ ಹಿಂದಿನ ರಾತ್ರಿನ ಜಗ್ಗಿನಾಗ ಹೋಳು ಹಾಕಿ ಶರಬತ್ತು ಮಾಡಿಟ್ಟಿದ್ವಿ, ಮುಂಜಾನೆ ಕಹಿ ಆಗಿತ್ತು. ಬೀಗರ ಮುಂದ ಮರ್ಯಾದಿ ಹೋತು.

ಮರ್ಯಾದಿ ಎಲ್ಲೂ ಹೋಗಿಲ್ಲ ಬಿಡ್ರಿ, ಬೀಗರು ಎರಡು ಗ್ಲಾಸ್ ಕುಡದಿರ್ತಾರ. ಕಹಿ ಆಗೋದು ಸಿಪ್ಪಿ, ಬೀಜ, ಬಿಳೇದು ಇವು ಹುಳಿ ನೀರಾಗ ತಾಸುಗಟ್ಟಲೆ ನೆನೆಯೋದರಿಂದ. ಮೊದಲ ರುಚಿ ನೋಡಿದಾಗ ಗೊತ್ತಾಗೂದಿಲ್ಲ, ಹೊತ್ತು ಹೋದಂಗ ಕಹಿ ಏರ್ತೈತಿ. ರಸ, ಸಕ್ರಿ, ಉಪ್ಪು, ಏಲಕ್ಕಿ ಇಷ್ಟು ರಾತ್ರಿ ಮಾಡಿಡ್ರಿ, ಹೋಳು ಕೊಡೂಮುಂದ ಹಾಕ್ರಿ, ಅರ್ಧ ತಾಸಿಗಿಂತ ಮೊದಲ ಬ್ಯಾಡ.

ಇನ್ನ ಹೋಳು ಬೀಳೋದು. ಎರಡು ತುದಿ ಮೊದಲ ಕತ್ತರಿಸಿ ಒಗೀರಿ, ತೊಳಿ ಕಾಣೋಮಟ ಕತ್ತರಸ್ರಿ, ಆ ತುದಿ ಬರೇ ಸಿಪ್ಪಿ. ಆಮ್ಯಾಲ ಅಡ್ಡ ಹೆಚ್ಚಿದ್ರ ಗಾಲಿ ಹಂಗ ಬರ್ತೈತಿ. ದಪ್ಪ ಎಷ್ಟಂದ್ರ 5 ರೂಪಾಯಿ ನಾಣ್ಯ ಎರಡು ಜೋಡಿಸಿದಷ್ಟು, ಸುಮಾರು 4 ಮಿಲಿಮೀಟರ್. ಅದಕ್ಕಿಂತ ತೆಳುವಾದ್ರ ಒಳಗ ಜೋಲ್ತೈತಿ, ದಪ್ಪಾದ್ರ ಭಾರಕ್ಕ ವಾಲ್ತೈತಿ. ಸೀಳು ಹಾಕೂಮುಂದ ಅಂಚಿನಿಂದ ನಡುವಿನ ತನಕ ಅಷ್ಟ, ನಡು ದಾಟಬ್ಯಾಡ್ರಿ, ದಾಟಿದ್ದಕ್ಕ ಬೀಳ್ತಿರೋದು ನಿಮ್ದು. ಮತ್ತ ಸೀಳು ತೊಳಿ ಪರದಿ ಬಾಜೂಕಿಂದ ಬರ್ಲಿ, ತೊಳಿ ನಡುವ ಸೀಳಿದ್ರ ರಸ ಸೋರಿ ಗ್ಲಾಸ್ ಹೊರಗ ಜಿಗುಟು. ಬೀಜ ಟೂತ್‌ಪಿಕ್‌ಲೇ ಚುಚ್ಚಿ ತಗೀರಿ.

ಹೋಳು ಒಳಗ ಕಾಣ್ಬೇಕು ತೇಲಬಾರ್ದು ಅಂದ್ರ ಖಾಲಿ ಗ್ಲಾಸಿಗೆ ಮೊದಲ ಹೋಳು ಗ್ವಾಡಿಗೆ ಅಂಟಿಸಿ ನಿಂದ್ರಸ್ರಿ, ನಡುವ ಐಸ್ ತುಂಬ್ರಿ, ಆಮ್ಯಾಲ ಸೋಡಾ ಸುರೀರಿ. ಐಸ್ ಒತ್ತಿ ಹಿಡಿತೈತಿ, ಅಲುಗೂದಿಲ್ಲ. ಈಳಿಗಿ ಮ್ಯಾಲ ಮಾತ್ರ ಲಿಂಬಿ ಹೆಚ್ಚಬ್ಯಾಡ್ರಿ, ಕಬ್ಬಿಣದ ಈಳಿಗಿ ಆದ್ರ ಹುಳಿ ತಾಗಿ ಹೋಳಿನ ಅಂಚು ಕಪ್ಪಾಗ್ತೈತಿ, ಸ್ಟೀಲ್ ಚಾಕು ಇರ್ಲಿ, ಹರಿತ ಇರ್ಲಿ.

ಬೆಳಗಾವಿಯಿಂದ ಒಬ್ಬ ತಮ್ಮ, ಜ್ಯೂಸ್ ಅಂಗಡಿ ಹಾಕೋ ವಿಚಾರ ಇರೋನು: ಅಕ್ಕಾ, ಒಣಗಿಸಿದ ಸಂತ್ರಾ ಹೋಳು ಪ್ಯಾಕೆಟ್ ಭಾಳ ತುಟ್ಟಿ. ಮನ್ಯಾಗ ಓಟಿಜಿನಾಗ, ಅಂದ್ರ ಸಣ್ಣ ಕರೆಂಟ್ ಒಲ್ಯಾಗ ಮಾಡಿದ್ನಿ, ಅಂಚು ಕಪ್ಪ, ನಡುವ ಹಸಿ. ಎರಡನೇ ಸಲ ಛಲೋ ಬಂದಿದ್ವು, ಡಬ್ಬಿಗೆ ಹಾಕಿಟ್ಟಿದ್ನಿ, ಮಳಿಗಾಲದಾಗ ಮೆತ್ತಗಾಗಿ ಬೂಸ್ಟು ಹಿಡದ್ವು.

ತಮ್ಮಾ, ನಿನಗ ಎರಡು ಬ್ಯಾರೆ ಬ್ಯಾರೆ ತೊಂದ್ರಿ ಅದಾವು, ಒಂದು ಒಲಿದು ಒಂದು ಊರಿಂದು. ಒಲಿದು ಮೊದಲ ಹೇಳ್ತೀನಿ.

ನೀ ಬೇಯಿಸಾಕ ಹೋಗಿ, ಒಣಗಿಸ್ಬೇಕಿತ್ತು. 150 ಡಿಗ್ರಿಗೆ ಇಟ್ಟಿರ್ತಿ ಅಂತ ನನ್ನ ಅಂದಾಜು. ಹಣ್ಣಿನ ಸಕ್ರಿ ಅಂಚಿನ್ಯಾಗ ಕಂದು ಆಗಾಕ ಶುರು ಆಗ್ತೈತಿ, ನಡುವಿನ ನೀರು ಹೊರಗ ಬರೂಕಿಂತ ಮೊದಲ ಅಂಚು ಸುಟ್ಟು ಕೂಡ್ತೈತಿ. 90 ಡಿಗ್ರಿ ಸಾಕು, ನಿನ್ನ ಓಟಿಜಿ 100ಕ್ಕಿಂತ ಕೆಳಗ ಹೋಗೂದಿಲ್ಲ ಅಂದ್ರ 100ಕ್ಕ ಇಟ್ಟು ಬಾಗಲಕ್ಕ ಒಂದು ಕಟಗಿ ಚಮಚ ಅಡ್ಡ ಸಿಗಿಸು, ಒಂದು ಬಟ್ಟು ಸಂದಿ ಇರ್ಲಿ, ಹಬಿ ಹೊರಗ ಹೋಗ್ಬೇಕಲ್ಲ. ಬಾಗ್ಲ ಮುಚ್ಚಿದ್ರ ತನ್ನ ಹಬಿಯೊಳಗ ತಾನ ಬೇಯ್ತೈತಿ. ಮೂರು ನಾಲ್ಕು ತಾಸು, ಪ್ರತಿ ತಾಸಿಗೊಮ್ಮೆ ಮಗ್ಗಲಾ ಬದಲಿಸು. ತಟ್ಟಿ ಮ್ಯಾಲ ಬ್ಯಾಡ, ತಂತಿ ಜಾಳಿಗಿ ಮ್ಯಾಲ ಹರವು. ಎಲ್ಲಾಕಿಂತ ಹೆಚ್ಚಿಂದು ಏನಂದ್ರ ಹೋಳೆಲ್ಲಾ ಒಂದ ದಪ್ಪ ಇರ್ಬೇಕು, ಒಂದು ಬಾಜು ದಪ್ಪ ಒಂದು ಬಾಜು ತೆಳು ಇದ್ರ ದೇವರು ಬಂದ್ರೂ ಸರಿಯಾಗಿ ಒಣಗೂದಿಲ್ಲ. ಹೆಚ್ಚೂಕಿಂತ ಮೊದಲ ಹಣ್ಣು ಅರ್ಧ ತಾಸು ಫ್ರಿಜ್‌ನ್ಯಾಗ ಇಟ್ರ ಬಿರುಸಾಗಿ ನೀಟಾಗಿ ಹೆಚ್ಚಾಕ ಬರ್ತೈತಿ.

ಸಂತ್ರಾ, ಮೋಸಂಬಿ ಒಣಗಿದ್ರೂ ಬಣ್ಣ ಹಿಡ್ಕೊಂತಾವು, ಬೆಳಕಿಗೆ ಹಿಡದ್ರ ಬಣ್ಣದ ಗಾಜು ಹಂಗ ಕಾಣ್ತಾವು. ಲಿಂಬಿ ಕಂದು ಆಗೋದು ಅದರ ಗುಣ, ಎಷ್ಟು ಜ್ವಾಕಿ ಮಾಡಿದ್ರೂ ಸ್ವಲ್ಪ ಆಗ್ತೈತಿ, ತಲಿ ಕೆಡಿಸ್ಕೊಬ್ಯಾಡ.

ಈಗ ಊರಿನ ತೊಂದ್ರಿ. ನಾವು ವಿಜಯಪುರದೋರು ಒಲಿ ಹಚ್ಚೂದ ಬ್ಯಾಡ, ಏಪ್ರಿಲ್ ಮೇ ತಿಂಗಳದಾಗ 40 ಡಿಗ್ರಿ ದಾಟಿದ ಬಿಸಲಾಗ ಮಾಳಗಿ ಮ್ಯಾಲ ಸಂಡಿಗಿ ಹಾಕೂಮುಂದ ಒಂದು ಮೂಲ್ಯಾಗ ಹೋಳೂ ಹರವಿ ಮ್ಯಾಲ ತೆಳು ಬಟ್ಟಿ ಹೊಚ್ಚಿದ್ರ ಎರಡು ಮೂರು ದಿನದಾಗ ಹಪ್ಪಳ ಹಂಗ ಆಗ್ತಾವು, ಸಂಜೀಕ ಒಳಗ ತಗೊಂಡ್ರ ಸಾಕು. ನಿಮ್ಮ ಬೆಳಗಾವಿದು ಹಂಗಲ್ಲ, ಸಹ್ಯಾದ್ರಿ ಬಾಜೂಕ ಐತಿ, ಜೂನ್ ಬಂತಂದ್ರ ಉಪ್ಪು ಸೈತ ಡಬ್ಬ್ಯಾಗ ನೀರಾಗ್ತೈತಿ. ಅಲ್ಲಿ ಒಣಗಿಸೋದು ಎಷ್ಟು ಮುಖ್ಯನೋ ಇಡೋದೂ ಅಷ್ಟ ಮುಖ್ಯ. ಹೋಳು ಪೂರಾ ತಣ್ಣಗಾದಮ್ಯಾಲ ಮುರದು ನೋಡು, ಕಟ್ ಅಂತ ಮುರೀಬೇಕು, ಬಗ್ಗಿದ್ರ ಇನ್ನೂ ನೀರು ಐತಿ. ಬಿಸಿ ಇದ್ದಾಗ ನೋಡಬ್ಯಾಡ, ಬಿಸಿದು ಒಣಗಿದ್ರೂ ಬಗ್ತೈತಿ. ಗಾಜಿನ ಬಾಟ್ಲಿ, ಬಿಗಿ ಮುಚ್ಚಳ, ತಳಕ್ಕ ಒಂದು ಅರಿವಿ ಗಂಟಿನ್ಯಾಗ ಒಣ ಅಕ್ಕಿ ಕಟ್ಟಿ ಹಾಕು. ಮೊದಲ ವಾರ ದಿನಾ ಬಾಟ್ಲಿ ನೋಡು, ಒಳಗಿನ ಗಾಜಿಗೆ ಮಂಜು ಕಟ್ಟಿದಂಗ ಕಂಡ್ರ ಎಲ್ಲಾ ಹೊರಗ ತಗದು ಮತ್ತ ಒಲ್ಯಾಗ ಒಂದು ತಾಸು. ಬೂಸ್ಟು ಹಿಡದಿದ್ದು ಮಾತ್ರ ಒಗದ ಬಿಡು, ಕೆರದು ಉಪಯೋಗಿಸ್ಬ್ಯಾಡ, ಗಿರಾಕಿಗೆ ಅಂತೂ ಬ್ಯಾಡವೇ ಬ್ಯಾಡ.

ಅಂಗಡಿ ಹಾಕ್ತಿ ಅಂದಿ, ಅದಕ್ಕ ಒಂದು ಪುಕ್ಕಟ ಸಲಹಾ: ಕಬ್ಬಿನ ಹಾಲಿಗೆ ಒಣ ಹೋಳು ಹಾಕಬ್ಯಾಡ, ನೊರಿ ಮ್ಯಾಲ ಕೂತು ಒಣ ರೊಟ್ಟಿ ಚೂರು ಕಂಡಂಗ ಕಾಣ್ತೈತಿ. ಅದಕ್ಕ ಹಸಿ ಲಿಂಬಿ ಹಿಂಡಿದ್ರ ಮುಗೀತು. ಒಣ ಹೋಳು ಸೋಡಾಕ್ಕ, ಕಪ್ಪು ಚಹಾಕ್ಕ ಛಲೋ.

ಗೋಕಾಕದಿಂದ ಒಬ್ಬ ಅಕ್ಕ: ಮಗಳ ಕುಬಸದ ಕಾರ್ಯಕ್ರಮಕ್ಕ 200 ಗ್ಲಾಸಿಗೆ ಹಿತ್ತಲದಾಗ ಕೂತು ಲಿಂಬಿ ಹೆಚ್ಚಿ ಹಿಂಡಿದ್ನಿ. ಎರಡು ದಿನ ಬಿಟ್ಟು ಕೈ ಮ್ಯಾಲ ಸುಟ್ಟಂಗ ಗುಳ್ಳಿ ಎದ್ವು, ಈಗ ಕಪ್ಪು ಕಲಿ ಆಗ್ಯಾವು. ಮಂದಿ ದೃಷ್ಟಿ ಅಂತಾರ.

ದೃಷ್ಟಿ ಅಲ್ರಿ ಅಕ್ಕಾರ, ಬಿಸಲು. ಲಿಂಬಿ ಸಿಪ್ಪಿ ಒಳಗ ಫ್ಯುರೋಕೌಮರಿನ್ ಅಂತ ಒಂದು ವಸ್ತು ಐತಿ, ಅದು ಚರ್ಮಕ್ಕ ಹತ್ತಿದಾಗ ಸುಮ್ನ ಇರ್ತೈತಿ, ಅದರ ಮ್ಯಾಲ ಬಿಸಲು ಬಿತ್ತಂದ್ರ ಚರ್ಮ ಸುಡ್ತೈತಿ. ತಕ್ಷಣ ಗೊತ್ತಾಗೂದಿಲ್ಲ, ಒಂದು ಎರಡು ದಿನ ಬಿಟ್ಟು ಕೆಂಪಾಗಿ ಗುಳ್ಳಿ ಏಳ್ತಾವು, ಅದಕ್ಕ ಯಾರಿಗೂ ಲಿಂಬಿ ಮ್ಯಾಲ ಸಂಶಯ ಬರೂದಿಲ್ಲ. ಕಪ್ಪು ಕಲಿ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇದ್ದು ತಾನ ಹೋಗ್ತೈತಿ. ಹೊರದೇಶದಾಗ ಬಾರ್‌ನ್ಯಾಗ ಕೆಲಸ ಮಾಡೋರಿಗೆ ಇದು ಎಷ್ಟು ಮಾಮೂಲಿ ಅಂದ್ರ ಅಲ್ಲಿ ಇದಕ್ಕ ಮಾರ್ಗರಿಟಾ ಬರ್ನ್ ಅಂತ ಹೆಸರ ಬಿದ್ದೈತಿ, ಮಾರ್ಗರಿಟಾ ಅಂದ್ರ ಲಿಂಬಿ ಹಿಂಡಿ ಮಾಡೋ ಒಂದು ಪಾನೀಯ.

ಕಲಿ ಹೋಗ್ಲಿ ಅಂತ ಅದರ ಮ್ಯಾಲ ಮತ್ತ ಲಿಂಬಿ ತಿಕ್ಕಬ್ಯಾಡ್ರಿ, ನಮ್ಮ ಮಂದಿ ಅದನ್ನ ಮೊದಲ ಮಾಡೋದು. ಗುಳ್ಳಿ ದೊಡ್ಡವಾದ್ರ, ನೀರು ತುಂಬಿದ್ರ ಚರ್ಮದ ಡಾಕ್ಟರ್ ಹತ್ರ ಹೋಗ್ರಿ. ಮುಂದಿನ ಸಲ ನೆರಳಾಗ ಕೂತು ಹೆಚ್ಚ್ರಿ, ಕೆಲಸ ಮುಗದ ಕೂಡ್ಲೆ ಮೊಣಕೈ ತನಕ ಸಾಬಾಣ ಹಚ್ಚಿ ತೊಳ್ಕೊಂಡ ಹೊರಗ ಬರ್ರಿ. ಮಗಳಿಗೆ, ಬರೋ ಕೂಸಿಗೆ ನನ್ನ ಆಶೀರ್ವಾದ.

ಬಾದಾಮಿಯಿಂದ: ಹಾಲಿನ ಪದಾರ್ಥಕ್ಕ ಲಿಂಬಿ ಸಂತ್ರಾ ಹಾಕಿದ್ರ ಒಡಿಯೂದಿಲ್ಲೇನ್ರಿ?

ರಸ ಹಾಕಿದ್ರ ಒಡಿತೈತಿ, ಸಿಪ್ಪಿ ತುರಿ ಹಾಕಿದ್ರ ಒಡಿಯೂದಿಲ್ಲ, ಯಾಕಂದ್ರ ಹುಳಿ ರಸದಾಗ, ವಾಸನಿ ಸಿಪ್ಪ್ಯಾಗ. ಶ್ರೀಖಂಡಕ್ಕ ಸಂತ್ರಾ ಸಿಪ್ಪಿದು ಒಂದು ಚಿಟಿಕಿ ತುರಿ ಮ್ಯಾಲ ಉದುರಿಸಿ ನೋಡ್ರಿ, ಕೇಸರಿ ಮರೀತೀರಿ. ಜಾಯಿಕಾಯಿ ತುರಿಯೋ ಸಣ್ಣ ತುರಿಮಣಿ ಸಾಕು, ಒಂದ ಜಾಗದಾಗ ಎರಡು ಸಲ ತಿಕ್ಕಬ್ಯಾಡ್ರಿ, ಬಿಳೇದು ಬರ್ತೈತಿ. ಬಾಸುಂದಿಗೆ ಸಂತ್ರಾ ತೊಳಿ ಹಾಕೋದಾದ್ರ ಬಾಸುಂದಿ ಫ್ರಿಜ್‌ನ್ಯಾಗ ಪೂರಾ ತಣ್ಣಗಾಗಿರ್ಬೇಕು, ಬಡಿಸೂಮುಂದ ಹಾಕ್ರಿ. ಬಿಸಿದಕ್ಕ ಹಾಕಿದ್ರ ಪನೀರ್ ತಿಂತೀರಿ.

ತುರಿಯೂಕಿಂತ ಮೊದಲ ಹಣ್ಣು ತೊಳಿಯೋದು ಮರೀಬ್ಯಾಡ್ರಿ. ಹೊಳಿಯೋ ಹಣ್ಣಿಗೆ ಮೇಣ ಹಚ್ಚಿರ್ತಾರ, ಕೈಗೆ ತಾಳೋವಷ್ಟು ಬಿಸಿ ನೀರಾಗ ಹತ್ತಿಪ್ಪತ್ತು ಸೆಕೆಂಡ್ ಅದ್ದಿ ಮೆತ್ತನ ಬ್ರಷ್‌ಲೇ ತಿಕ್ಕಿ ಒರಸ್ರಿ. ರಸಕ್ಕಾದ್ರ ನಡಿತಿತ್ತು, ಇಲ್ಲಿ ಸಿಪ್ಪಿನ ತಿನ್ನೋದಲ್ಲ.

ಮುಧೋಳದಿಂದ ಒಬ್ಬ ವೈನಿ: ಕುಡಿಯೋದಕ್ಕಷ್ಟ ಹೇಳ್ತೀರಿ, ಅವಲಕ್ಕಿ, ಸೂಸಲಾ, ಉಪ್ಪಿಟ್ಟಿಗೆ ಹೆಂಗ ಇಡೋದು? ನಮ್ಮನಿಯವರು ಲಿಂಬಿ ಹಿಂಡಿದ್ರ ಬೀಜ ತಟ್ಟ್ಯಾಗ, ರಸ ಅಂಗಿ ಮ್ಯಾಲ.

ವೈನಿ, ನಾವೆಲ್ಲಾ ಲಿಂಬಿ ಅಡ್ಡ ಕೊಯ್ದು ಎರಡು ಬಟ್ಟಲ ಮಾಡ್ತೀವಲ್ಲ, ಅದು ಹಿಂಡೋ ಯಂತ್ರಕ್ಕ ಸರಿ, ತಟ್ಟಿಗೆ ಸರಿ ಅಲ್ಲ. ತಟ್ಟ್ಯಾಗ ಇಡೋದಕ್ಕ ಹಿಂಗ ಮಾಡ್ರಿ. ಲಿಂಬಿ ಮೊದಲ ಕಟ್ಟಿ ಮ್ಯಾಲ ಅಂಗೈಲೇ ಒತ್ತಿ ಉಳ್ಳಾಡಸ್ರಿ. ತೊಟ್ಟು ಮ್ಯಾಲ ಬರೋಹಂಗ ನಿಂದ್ರಸ್ರಿ. ಈಗ ನಡುವ ಕೊಯ್ಯಬ್ಯಾಡ್ರಿ, ತೊಟ್ಟಿನ ಬಾಜೂಕ ಚಾಕು ಇಟ್ಟು ಕೆಳತನಕ ಕೊಯ್ರಿ, ಒಂದು ಗಲ್ಲ ಬಂತು. ಹಣ್ಣು ತಿರುಗಿಸಿ ಇನ್ನೊಂದು ಗಲ್ಲ, ಮತ್ತ ತಿರುಗಿಸಿ ತಿರುಗಿಸಿ ಇನ್ನೆರಡು. ಮಾವಿನ ಹಣ್ಣು ವಾಟಿ ಬಿಟ್ಟು ಕೊಯ್ತೀವಲ್ಲ, ಥೇಟ್ ಹಂಗ. ನಡುವಿನ ಬಿಳೇ ದಂಟು, ಅದಕ್ಕ ಅಂಟಿದ ಬೀಜ ಎಲ್ಲಾ ಒಂದ ತುಂಡಿನ್ಯಾಗ ಉಳಿತಾವು, ಅದನ್ನ ಸಾರಿಗೆ ಹಿಂಡಿ ಒಗೀರಿ. ಗಲ್ಲಕ್ಕ ದಂಟಿಲ್ಲ, ಬೀಜನೂ ಹೆಚ್ಚೂಕಡಿಮಿ ಇಲ್ಲ, ಎರಡು ಬಟ್ಟಿನ ನಡುವ ಒತ್ತಿದ್ರ ಪೂರಾ ರಸ ಕೆಳಗ ಬೀಳ್ತೈತಿ, ಅಂಗಿಗೆ ಹಾರೂದಿಲ್ಲ.

ಒಂದು ಲಿಂಬಿಗೆ ನಾಲ್ಕು ಗಲ್ಲ. ಸೂಸಲಾದ ಬಾಜೂಕ ಒಂದು ಗಲ್ಲ, ಅದರ ಒಂದು ಮೂಲಿ ಸಣ್ಣ ಕೊತ್ತಂಬರಿಯೊಳಗ ಅದ್ದಿ ತಗೀರಿ, ಇನ್ನೊಂದು ಮೂಲಿ ಬ್ಯಾಡಗಿ ಮೆಣಸಿನ ಪುಡ್ಯಾಗ. ಬ್ಯಾಡಗಿ ಯಾಕಂದ್ರ ಬಣ್ಣ ಜಾಸ್ತಿ ಖಾರ ಕಡಿಮಿ. ಹಸರು ಕೆಂಪು ಹಳದಿ ಮೂರೂ ಒಂದ ತುಂಡಿನ್ಯಾಗ ಬಂತು, ಹಿಂಡಿದ್ರ ಮೂರೂ ರುಚಿ ಬಂತು. ಇದೇ ಪುಡಿಗೆ ಉಪ್ಪು, ಹುರದ ಜೀರಗಿ ಪುಡಿ ಕೂಡಿಸಿ ತಟ್ಟ್ಯಾಗ ಹರವಿ, ಲಿಂಬಿ ಒರಸಿದ ಗ್ಲಾಸಿನ ಅಂಚು ಅದರಾಗ ಒತ್ತಿದ್ರ ಮಜ್ಜಿಗಿಗೂ ಮಸಾಲಾ ಸೋಡಾಕ್ಕೂ ಆತು. ಅಂಚಿನ ಹೊರಗಿನ ಬಾಜು ಅಷ್ಟ ಹತ್ಲಿ, ಒಳಗ ಹತ್ತಿದ್ರ ಗ್ಲಾಸಿನೊಳಗ ಬಿದ್ದು ಉಪ್ಪುಪ್ಪು.

ನಿಪ್ಪಾಣಿಯಿಂದ ಒಬ್ಬಾಕಿ ಸೊಸಿ: ಅತ್ತಿಯವರು ಇದೆಲ್ಲಾ ಹೋಟೆಲ್ ಶೋಕಿ, ನಮ್ಮಲ್ಲಿ ಇಂಥಾದ್ದೆಲ್ಲಾ ಇದ್ದಿಲ್ಲ ಅಂತಾರ.

ಅತ್ತಿಯವರು ಶುಕ್ರವಾರ ದೇವಿ ಗುಡ್ಯಾಗ ಲಿಂಬಿ ದೀಪ ಹಚ್ಚ್ತಾರಿಲ್ಲೋ ಕೇಳವ್ವ. ಲಿಂಬಿ ಅಡ್ಡ ಕೊಯ್ದು, ರಸ ಹಿಂಡಿ, ಬೆರಳಲೇ ಒತ್ತಿ ಒಳಗಿಂದು ಹೊರಗ ಮಾಡಿ ಬಟ್ಟಲ ಮಾಡೋದು ನಮ್ಮ ಅವ್ವಂದ್ರಿಗೆ ಯಾರೂ ವಿಡಿಯೋ ತೋರಿಸಿ ಕಲಿಸಿದ್ದಲ್ಲ. ಅದಕ್ಕಿಂತ ಚೆಂದ ಲಿಂಬಿ ಕೆತ್ತನಿ ನಾ ಯಾವ ಹೋಟೆಲಿನ್ಯಾಗೂ ನೋಡಿಲ್ಲ, ಮತ್ತ ಅದಕ್ಕ ಕಾಗ್ಜಿ ಲಿಂಬಿನ ಬೇಕು, ದಪ್ಪ ಸಿಪ್ಪಿದು ಮಗುಚಿದ್ರ ಸೀಳ್ತೈತಿ. ಎಲಿ ತುದಿಗೆ ಉಪ್ಪು, ಲಿಂಬಿ ಹೋಳು ಇಡೋದು ಮತ್ತೇನು, ಅದೂ ಅಲಂಕಾರನ.

ದೀಪಕ್ಕ ಮಗುಚಿದ್ದನ್ನ ಊಟಕ್ಕ ತರಬ್ಯಾಡ, ಅತ್ತಿಯವರು ಸಿಟ್ಟಾಗ್ತಾರ, ಅದು ಸರಿನೂ ಅಲ್ಲ. ಅದರ ಬದ್ಲಿ ಮಗುಚದ ಬಟ್ಟಲ ಮಾಡು: ಹಿಂಡಿದ ಅರ್ಧ ಮೋಸಂಬಿ ಸಿಪ್ಪಿಯೊಳಗಿನ ಪರದಿ ಚಮಚಲೇ ಕೆರದು ತಗಿ, ತಳ ಒಂಚೂರು ಸಪಾಟ ಕತ್ತರಸು, ತೂತು ಬೀಳದಂಗ, ಅದರಾಗ ಕೋಸಂಬರಿ ತುಂಬು. ಮೊದಲನೇದು ಅತ್ತಿಯವರ ಎಲಿಗೆ ಇಡು.

ಅಥಣಿಯಿಂದ: ಇಷ್ಟೆಲ್ಲಾ ಮಾಡಿದಮ್ಯಾಲ ಸಿಪ್ಪಿ ಉಳಿತೈತ್ರಿ, ಒಗಿಯಾಕ ಜೀವ ಒಲ್ಲದು.

ಸಂತ್ರಾ, ಮೋಸಂಬಿ ಸಿಪ್ಪಿ ಆದ್ರ ಸಕ್ರಿ ಪಾಕದಾಗ ಹಾಕ್ರಿ. ಕಡ್ಡಿ ಹಂಗ ಹೆಚ್ಚಿ, ನೀರಾಗ ಐದು ನಿಮಿಷ ಕುದಿಸಿ ಆ ನೀರು ಚೆಲ್ರಿ. ಮೂರು ಸಲ ಹೊಸ ನೀರು, ಮೂರು ಸಲ ಚೆಲ್ಲೋದು, ಇದರಾಗ ಆಳಸ್ತನ ಮಾಡಿದ್ರ ಕಹಿ ಹೋಗೂದಿಲ್ಲ. ಆಮ್ಯಾಲ ಒಂದು ಬಟ್ಟಲ ಸಕ್ರಿಗೆ ಒಂದು ಬಟ್ಟಲ ನೀರು, ಅದರಾಗ ಸಿಪ್ಪಿ ಹಾಕಿ ಸಣ್ಣ ಉರಿ ಮ್ಯಾಲ ಮುಕ್ಕಾಲು ತಾಸು ಇಟ್ರ ಗಾಜಿನ ಹಂಗ ಪಾರದರ್ಶಕ ಆಗ್ತಾವು. ಜಾಳಿಗಿ ಮ್ಯಾಲ ಒಂದು ರಾತ್ರಿ ಆರಿಸಿ ಸಕ್ರ್ಯಾಗ ಹೊಳ್ಳಾಡಸ್ರಿ. ಉಳದ ಪಾಕ ಬಾಟ್ಲಿಗೆ ಹಾಕಿ ಫ್ರಿಜ್‌ನ್ಯಾಗ ಇಡ್ರಿ, ಸೋಡಾಕ್ಕ ಎರಡು ಚಮಚ ಹಾಕಿದ್ರ ಬ್ಯಾರೆ ಏನೂ ಬ್ಯಾಡ. ಕಡ್ಡಿ ಶಿರಾ ಮ್ಯಾಲ, ಕೇಕ್ ಮ್ಯಾಲ, ಐಸ್‌ಕ್ರೀಮ್ ಮ್ಯಾಲ ಛಲೋ. ಬೆಳಗಾವಿ ಕುಂದಾ ಮ್ಯಾಲ ನಾ ಒಮ್ಮೆ ಇಟ್ಟು ನೋಡಿದ್ನಿ, ರುಚಿ ಆಗಿತ್ತು, ಆದ್ರ ಬೆಳಗಾವಿಯ ನನ್ನ ಮಾಮಾ ಆರು ತಿಂಗಳ ಆ ಮಾತು ತಗದು ನನ್ನ ಆಡಿಕೊಂಡ್ರು, ಅದಕ್ಕ ನಾ ಹೇಳಿಲ್ಲ ಅಂತ ತಿಳೀರಿ.

ಸಿಪ್ಪಿ ತಗದ ಬೆತ್ತಲೆ ಹಣ್ಣು ಒಂದು ದಿನದಾಗ ಒಣಗ್ತೈತಿ, ಅವತ್ತ ಹಿಂಡಿ ಐಸ್ ಟ್ರೇಕ್ಕ ಹಾಕಿಬಿಡ್ರಿ.

ಇಂಡಿ ತಾಲೂಕಿನಿಂದ ಒಬ್ಬ ರೈತರ ಮನಿ ಹೆಣ್ಣುಮಗಳು: ನಮಗ ಹೋಳು ಹೆಚ್ಚೋದು ಕಲಿಸೋದು ಬ್ಯಾಡ್ರಿ, ಹೊಲ ತುಂಬ ಲಿಂಬಿ ಐತಿ. ರೇಟ್ ಬಿದ್ದಾಗ ಹರಿಯೋ ಕೂಲಿ ಸೈತ ಹುಟ್ಟೂದಿಲ್ಲ, ಗಿಡದ ಕೆಳಗ ಉದುರಿ ಹಳದಿ ಆಗ್ತಾವು. ಒಣಗಿಸಿ ಮಾರಿದ್ರ ಯಾರರ ತಗೊಂತಾರೇನು?

ಇದಕ್ಕ ಉತ್ತರ ಬರಿಯೂಕಿಂತ ಮೊದಲ ನಾನ ಮಾಡಿ ನೋಡಿದ್ನಿ ತಾಯಿ. ಒಂದು ಕಿಲೋ ಲಿಂಬಿ ಹೆಚ್ಚಿ ಮಾಳಗಿ ಮ್ಯಾಲ ಒಣಗಿಸಿದ್ನಿ, ತುದಿ, ಬೀಜ ಹೋಗಿ ಕೊನೀಗೆ ತಕ್ಕಡ್ಯಾಗ ಬಂದದ್ದು 110 ಗ್ರಾಂ. ಲಿಂಬ್ಯಾಗ ಬಹಳಷ್ಟು ನೀರ ಇರೋದು, ಅದಕ್ಕ ಹಿಂಗ. ಅಂದ್ರ ಒಂದು ಕಿಲೋ ಒಣ ಹೋಳಿಗೆ ನಿಮಗ ಒಂಬತ್ತು ಕಿಲೋ ಹಣ್ಣು ಬೇಕು, ಅದಕ್ಕ ರೇಟ್ ಬಿದ್ದಾಗ ಮಾತ್ರ ಇದು ಹೊಂದ್ತೈತಿ, ರೇಟ್ ಇದ್ದಾಗ ಹಸೀದನ್ನ ಮಾರೋದ ಛಲೋ. ಬಣ್ಣದ ಮಾತೂ ಹೇಳಿಬಿಡ್ತೀನಿ, ನಂದು ಕಂದು ಬಂತು, ಪ್ಯಾಕೆಟ್ ಫೋಟೋದಾಗ ಇರೋಹಂಗ ಹಸರು ಬರಲಿಲ್ಲ. ಗ್ಲಾಸಿಗೆ ಸಿಗಿಸೋರು ಇದನ್ನ ತಗೊಳ್ಳಾಕ ಹಿಂದಮುಂದ ನೋಡ್ತಾರ, ಆದ್ರ ಚಹಾಕ್ಕ, ಬಿಸಿ ನೀರಿಗೆ ಹಾಕ್ಕೊಳ್ಳೋರಿಗೆ ಬಣ್ಣ ಬ್ಯಾಡ, ಹುಳಿ ವಾಸನಿ ಬೇಕು, ಅವರಿಗೆ ಮಾರಾಕ ನೋಡ್ರಿ. ಉದುರಿದ್ದನ್ನ ಆರಿಸೂಮುಂದ ಒಡದಿದ್ದು, ಮೆತ್ತಗಾಗಿದ್ದು ತಗೋಬ್ಯಾಡ್ರಿ, ಗಟ್ಟಿ ಇದ್ದದ್ದು ಅಷ್ಟ.

ಮಾರೋದಾದ್ರ ಎಫ್‌ಎಸ್‌ಎಸ್‌ಎಐ, ಅಂದ್ರ ತಿನ್ನೋ ಪದಾರ್ಥದ ಸುರಕ್ಷತಾ ನೋಡೋ ಸರ್ಕಾರಿ ಸಂಸ್ಥಾ, ಅದರ ನೋಂದಣಿ ಬೇಕ ಬೇಕು, ಮನ್ಯಾಗ ಮಾಡಿದ್ರೂ ಬೇಕು. ನಿಮ್ಮ ಇಂಡ್ಯಾಗ ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಐತಲ್ಲ, ಒಬ್ಬಾಕಿ ಹೋಗಬ್ಯಾಡ್ರಿ, ಸಂಘದ ನಾಲ್ಕು ಮಂದಿ ಹೆಣ್ಣುಮಕ್ಕಳು ಕೂಡಿ ಹೋಗ್ರಿ, ಹೋಗೂಮುಂದ ಒಂದು ಗಾಜಿನ ಬಾಟ್ಲಿ ತುಂಬ ನೀವ ಒಣಗಿಸಿದ ಹೋಳು ತಗೊಂಡು ಹೋಗಿ ಟೇಬಲ್ ಮ್ಯಾಲ ಇಟ್ಟು ಮಾತಾಡ್ರಿ. ಬಾಟ್ಲಿ ಮುಚ್ಚಳ ತಗದ ಇಡ್ರಿ, ವಾಸನಿ ಬರ್ಲಿ.